ನೆರಳಿನ ಬದಿ

ಗುಂತಕಲ್ಲಿನಿಂದ ರಾಯಚೂರಿಗೆ ಹೋಗುವ ರೈಲು ಹಳಿ ಹೆಚ್ಚೂಕಡಿಮೆ ನೆಟ್ಟಗೆ ಉತ್ತರಕ್ಕೆ ಹೋಗುತ್ತದೆ. ಎರಡೂ ಊರು ಒಂದೇ ರೇಖಾಂಶದ ಮೇಲೆ ಕೂತಿವೆ ಎನ್ನಬಹುದು. ನಡುವೆ ಆದೋನಿ, ಕೋಸಿಗಿಯ ಹತ್ತಿರ ಹಳಿ ಒಂದಿಷ್ಟು ಪಡುವಣಕ್ಕೆ ವಾಲಿ ಮತ್ತೆ ದಾರಿಗೆ ಬರುತ್ತದೆ. ಸುಮಾರು 120 ಕಿಲೋಮೀಟರ್ ಹಾದಿ. ನಂಚರ್ಲ, ಆಸ್ಪರಿ, ಆದೋನಿ, ಇಸ್ವಿ, ಕುಪ್ಪಗಲ್, ಕೋಸಿಗಿ, ಮಂತ್ರಾಲಯ ರೋಡ್. ತುಂಗಭದ್ರೆ ದಾಟಿದರೆ ಮಟಮಾರಿ, ಆಮೇಲೆ ರಾಯಚೂರು. ಕರಿಮಣ್ಣು, ಹತ್ತಿ ಹೊಲ, ಬಂಡೆಗುಡ್ಡ, ಮತ್ತೆ ಕರಿಮಣ್ಣು. ಪ್ರವಾಸಿಗರು ಕ್ಯಾಮೆರಾ ಹೊರಗೆ ತೆಗೆಯುವಂಥದ್ದು ಕಿಟಕಿಯಾಚೆ ಕಡಿಮೆ. ಆದರೂ ಈ ಗಾಡಿಯಲ್ಲಿ ಯಾವ ಕಡೆಯ ಕಿಟಕಿ ಹಿಡಿಯಬೇಕು ಎಂಬುದು ಸಣ್ಣ ಮಾತಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಕಬ್ಬಿಣದ ಶಟರು ಇಳಿಸಿದರೆ ಗಾಳಿ ಇಲ್ಲ, ಏರಿಸಿದರೆ ಕೆನ್ನೆ ಸುಡುತ್ತದೆ.

ಅದಕ್ಕೇ ಗುಂತಕಲ್ಲಿನಲ್ಲಿ ಬೆಳಗಿನ ಗಾಡಿ ಬಂದು ನಿಲ್ಲುವ ಮೊದಲೇ ಅನುಭವಸ್ಥರು ಒಳಗೆ ನುಗ್ಗುವ ಹುಡುಗರಿಗೆ ಹೇಳಿಕೊಟ್ಟಿರುತ್ತಾರೆ: “ಎಡಕ್ಕೆ ಹಿಡಿಯೋ ತಮ್ಮಾ, ಆ ಕಡೆ ಬಿಸ್ಲು ಹೊಡೀತೈತೆ.” ಹುಡುಗ ಟವೆಲ್ ಎಸೆದು ಎಡಗಡೆಯ ಸೀಟು ಹಿಡಿಯುತ್ತಾನೆ. ಉತ್ತರಕ್ಕೆ ಮುಖ ಮಾಡಿದವನಿಗೆ ಎಡವೆಂದರೆ ಪಡುವಣ. ಬೆಳಗಿನ ಸೂರ್ಯ ಮೂಡಣದಲ್ಲಿರುತ್ತಾನೆ. ಲೆಕ್ಕ ಅಷ್ಟೆ.

ಇನ್ನು ಮರಳಿ ಬರುವ ಲೆಕ್ಕ. ಮಂತ್ರಾಲಯದಲ್ಲಿ ರಾಘವೇಂದ್ರ ರಾಯರ ದರ್ಶನ ಮುಗಿಸಿ ಅದೇ ದಿನ ಸಂಜೆ ಮಂತ್ರಾಲಯ ರೋಡಿನಿಂದ ತಿರುಗಿ ಗಾಡಿ ಹತ್ತುವವರು ಈಗ ದಕ್ಷಿಣಕ್ಕೆ ಮುಖ ಮಾಡಿರುತ್ತಾರೆ. ಸೂರ್ಯ ಪಡುವಣಕ್ಕೆ ಇಳಿದಿರುತ್ತಾನೆ. ದಕ್ಷಿಣಕ್ಕೆ ಹೋಗುವವನಿಗೆ ಪಡುವಣ ಬಲಕ್ಕೆ. ಆಗಲೂ ನೆರಳು ಎಡದಲ್ಲೇ! ಗಾಡಿ ತಿರುಗಿದೆ, ಸೂರ್ಯನೂ ಆಕಾಶದ ಆಚೆ ಬದಿಗೆ ಹೋಗಿದ್ದಾನೆ. ಎರಡೂ ಬದಲಾಗಿ ಲೆಕ್ಕದ ಉತ್ತರ ಮಾತ್ರ ಬದಲಾಗದೆ ಉಳಿಯಿತು. ಹೀಗಾಗಿ ಗುಂತಕಲ್, ಆಸ್ಪರಿ, ಆದೋನಿಯಿಂದ ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಹೋಗುವಾಗಲೂ ಎಡ, ಬರುವಾಗಲೂ ಎಡ. ರಾಯಚೂರಿನವರಿಗೆ ಇದು ಪೂರ್ತಿ ಉಲ್ಟಾ. ಅವರು ಬೆಳಿಗ್ಗೆ ದಕ್ಷಿಣಕ್ಕೆ ಹೊರಡುತ್ತಾರೆ, ಎಡಗಡೆ ಬಿಸಿಲು. ಸಂಜೆ ಉತ್ತರಕ್ಕೆ ಮರಳುತ್ತಾರೆ; ಮತ್ತೆ ಎಡಗಡೆಯೇ ಬಿಸಿಲು. ಹೋಗುವಾಗಲೂ ಬಲ, ಬರುವಾಗಲೂ ಬಲ. ಒಂದೇ ಹಳಿ, ಒಂದೇ ಕ್ಷೇತ್ರ, ಎರಡು ಕಡೆಯ ಭಕ್ತರಿಗೆ ಎರಡು ಬದಿ. ಇಬ್ಬರೂ ಮಂತ್ರಾಲಯದಲ್ಲಿ ಎದುರುಬದುರು ಕೂತು “ಎಡವೇ ಸರಿ”, “ಅಲ್ರೀ, ಬಲವೇ ಸರಿ” ಎಂದು ವಾದಿಸಿದರೆ ಯಾರೂ ಸುಳ್ಳು ಹೇಳುತ್ತಿಲ್ಲ.

ರಾತ್ರಿ ಗಾಡಿಗಳಿಗೆ ಈ ತಕರಾರೇ ಇಲ್ಲ. ಬೆಂಗಳೂರಿನಿಂದ ಸಂಜೆಯ ಮೇಲೆ ಹೊರಡುವ ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್‌ಗಳು ಈ ಸೀಮೆಯನ್ನು ಕತ್ತಲಲ್ಲೇ ದಾಟುತ್ತವೆ. ಬೆಂಗಳೂರಿನ ಎಷ್ಟೋ ಮಂದಿ ಮುಂಬೈ, ದೆಹಲಿಗೆ ಹೋಗುವಾಗ ಆದೋನಿಯ ಮೇಲೆ ಹಾದುಹೋಗಿಯೂ ಆದೋನಿಯನ್ನು ನೋಡಿರುವುದಿಲ್ಲ. 2024ರ ಮಾರ್ಚ್‌ನಲ್ಲಿ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಮಾತ್ರ ಬೆಳಗಿನ ಹೊತ್ತು ದಕ್ಷಿಣಕ್ಕೆ ಹೋಗುತ್ತದೆ. ಹವಾನಿಯಂತ್ರಣ ಇದೆಯಲ್ಲ, ಬದಿ ಯಾವುದಾದರೇನು ಎನ್ನಬೇಡಿ. ಅದರ ಗಾಜು ದೊಡ್ಡದು, ಬಿಸಿಲು ಗಾಜಿನೊಳಗಿಂದ ಸರಾಗ ಬರುತ್ತದೆ. ತಂಪು ಗಾಳಿ ನೆತ್ತಿಗೆ, ಬಿಸಿಲು ತೊಡೆಗೆ. ಕೊನೆಗೆ ಎಲ್ಲರೂ ಪರದೆ ಎಳೆದು ಮೊಬೈಲು ನೋಡುತ್ತ ಕೂರುತ್ತಾರೆ. ಅಷ್ಟು ದೊಡ್ಡ ಕಿಟಕಿ ಮಾಡಿದ್ದು ಯಾಕೋ!

ಈ ಹಳಿಗೆ ಒಂದು ಹಡಗಿನ ಕಥೆಯೂ ಅಂಟಿಕೊಂಡಿದೆ. ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ ಮುಂಬೈಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಸೂಯೆಜ್ ಕಾಲುವೆ ತೆರೆದು ಆಗ ಎರಡೇ ವರ್ಷ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು ಮುಂಬೈಯಲ್ಲಿ ಇಳಿದ ದೊರೆಗಳು ಮದ್ರಾಸಿಗೆ ಹೋಗಬೇಕಾದರೆ ಇನ್ನು ರೈಲಿನಲ್ಲೇ ಹೋಗಬಹುದಿತ್ತು. ರಾಯಚೂರು, ಆದೋನಿ, ಗುಂತಕಲ್ ಹಾದು. ಆ ದೊರೆಗಳ ಬಗ್ಗೆ ಒಂದು ದಂತಕಥೆ ಜಗತ್ತಿನಲ್ಲೆಲ್ಲ ಪ್ರಸಿದ್ಧ. ಪಿ ಅಂಡ್ ಓ ಕಂಪನಿಯ ಹಡಗುಗಳಲ್ಲಿ ಹಣವಂತರು ಹಿಂದೂಸ್ಥಾನಕ್ಕೆ ಬರುವಾಗ ಎಡಬದಿಯ ಕೋಣೆ, ತಾಯ್ನಾಡಿಗೆ ಮರಳುವಾಗ ಬಲಬದಿಯ ಕೋಣೆ ಕಾದಿರಿಸುತ್ತಿದ್ದರಂತೆ. ಟಿಕೆಟ್ಟಿನ ಮೇಲೆ ಅದಕ್ಕೊಂದು ಮುದ್ರೆಯನ್ನೂ ಒತ್ತುತ್ತಿದ್ದರಂತೆ. ಹಾಗೆ ಮುದ್ರೆ ಬಿದ್ದ ಒಂದೇ ಒಂದು ಟಿಕೆಟ್ ಕೂಡ ಇದುವರೆಗೆ ಸಿಕ್ಕಿಲ್ಲ. ಮುದ್ರೆಯ ಕಥೆ ಕಟ್ಟುಕಥೆ ಎಂದೇ ತಿಳಿದವರು ತೀರ್ಮಾನಿಸಿದ್ದಾರೆ.

ಮುದ್ರೆ ಸುಳ್ಳಾದರೂ ಬಿಸಿಲಿನ ಲೆಕ್ಕ ಸುಳ್ಳಲ್ಲ. ಕೆಂಪು ಸಮುದ್ರ ವಾಯವ್ಯದಿಂದ ಆಗ್ನೇಯಕ್ಕೆ ಉದ್ದಕ್ಕೆ ಚಾಚಿದೆ. ಅದರಲ್ಲಿ ಕೆಳಗಿಳಿಯುವ ಹಡಗಿನ ಎಡಬದಿ ಮೂಡಣದ ಕಡೆಗಿರುತ್ತದೆ. ಮರಳಿ ಮೇಲೇರುವ ಹಡಗಿನ ಬಲಬದಿ ಮೂಡಣದ ಕಡೆಗಿರುತ್ತದೆ. ಅಂದರೆ ದೊರೆ ಎರಡು ಸಲವೂ ಹಿಡಿದದ್ದು ಮೂಡಣದ ಬದಿಯನ್ನೇ. ಬೆಳಗಿನ ಎಳೆಬಿಸಿಲು ಬಂದರೆ ಬರಲಿ, ಮಧ್ಯಾಹ್ನದ ಮೇಲಿನ ಉರಿ ತಪ್ಪಿದರೆ ಸಾಕು ಎಂಬ ಯೋಚನೆ. ಫ್ಯಾನೂ ಇಲ್ಲದ ಕಾಲದಲ್ಲಿ ತಗಡಿನ ಗೋಡೆಯ ಕೋಣೆ ಸಂಜೆಯ ಬಿಸಿಲಿಗೆ ಕಾದರೆ ರಾತ್ರಿಯಿಡೀ ನಿದ್ದೆ ಇಲ್ಲ. ದೊರೆಯದು ದಿನಗಟ್ಟಲೆಯ ಪ್ರಯಾಣ, ಸೂರ್ಯ ಇಡೀ ಸುತ್ತು ಹೊಡೆಯುತ್ತಾನೆ. ಅದಕ್ಕೇ ಅವನಿಗೆ ಹೋಗುವಾಗೊಂದು ಬದಿ, ಬರುವಾಗೊಂದು ಬದಿ. ನಮ್ಮ ಭಕ್ತರದು ಒಂದು ಹಗಲಿನ ಪ್ರಯಾಣ. ಅದಕ್ಕೇ ಎರಡಕ್ಕೂ ಒಂದೇ ಬದಿ. ಇದನ್ನು ಯಾವ ಕಂಪನಿಯೂ ಮುದ್ರೆ ಒತ್ತಿ ಹೇಳಿಕೊಟ್ಟಿಲ್ಲ.

ಆದರೆ ಹಡಗಿನ ಪ್ರಯಾಣಿಕನಿಗಿದ್ದ ಒಂದು ಅನುಕೂಲ ರೈಲಿನವನಿಗೆ ಇಲ್ಲ. ಹಡಗಿಗೆ ಮೂತಿ ಒಂದೇ. ಅದು ಯಾವಾಗಲೂ ಮೂತಿ ಮುಂದೆ ಮಾಡಿಕೊಂಡೇ ಸಾಗುತ್ತದೆ, ಹಾಗಾಗಿ ಎಡಬದಿಯ ಕೋಣೆ ಎಡದಲ್ಲೇ ಇರುತ್ತದೆ. ರೈಲು ಡಬ್ಬಿಗೆ ಹಿಂದು ಮುಂದು ಇಲ್ಲ. ಸ್ಲೀಪರ್ ಡಬ್ಬಿಯಲ್ಲಿ ಒಂದೊಂದು ಅಂಕಣಕ್ಕೆ ಎಂಟು ಬರ್ತು; ಆರು ಅಡ್ಡಕ್ಕೆ, ಎರಡು ಓಡಾಡುವ ದಾರಿಯ ಪಕ್ಕಕ್ಕೆ. 7, 15, 23, 31 ಹೀಗೆ ಎಂಟರ ಮಗ್ಗಿಗೆ ಒಂದು ಕಡಿಮೆ ಬಂದದ್ದೆಲ್ಲ ಸೈಡ್ ಲೋಯರ್. ಆದರೆ ಆ ಸೈಡ್ ಪಡುವಣದ ಸೈಡೋ ಮೂಡಣದ ಸೈಡೋ ಎಂಬುದು ಆ ದಿನ ಡಬ್ಬಿಯನ್ನು ಯಾವ ಮುಖವಾಗಿ ಜೋಡಿಸಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಟಿಕೆಟ್ ಬುಕ್ ಮಾಡುವಾಗ ಲೋಯರ್ ಬೇಕೋ, ಅಪ್ಪರ್ ಬೇಕೋ, ಸೈಡ್ ಬೇಕೋ ಎಂದು ರೈಲ್ವೆ ಕೇಳುತ್ತದೆ. ಬಿಸಿಲು ಬೇಕೋ ನೆರಳು ಬೇಕೋ ಎಂದು ಕೇಳುವುದಿಲ್ಲ. ಕೇಳಿದರೂ ಕೊಡುವ ಉಪಾಯ ಅದರ ಬಳಿ ಇಲ್ಲ. ಸಾಲದ್ದಕ್ಕೆ ಕೆಲವು ಜಂಕ್ಷನ್ನುಗಳಲ್ಲಿ ಇಂಜಿನ್ನನ್ನು ಈ ತುದಿಯಿಂದ ಬಿಚ್ಚಿ ಆ ತುದಿಗೆ ಕಟ್ಟುತ್ತಾರೆ. ಅಲ್ಲಿಯವರೆಗೆ ಎಡವಾಗಿದ್ದ ಕಿಟಕಿ ಅಲ್ಲಿಂದಾಚೆ ಬಲವಾಗುತ್ತದೆ.

ಹಗಲು ಪ್ರಯಾಣದಲ್ಲಿ ನನ್ನ ಮಟ್ಟಿಗೆ ಸೈಡ್ ಲೋಯರ್‌ನಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಅದನ್ನು ಮಡಚಿದರೆ ಎದುರುಬದುರು ಎರಡು ಸೀಟು, ಎರಡಕ್ಕೂ ಕಿಟಕಿ. ಟಿಕೆಟ್ ಪೂರ್ತಿ ಖಾತ್ರಿಯಾಗದೆ ಆರ್‌ಎಸಿಯಲ್ಲಿ ಸಿಕ್ಕಿಕೊಂಡವರನ್ನು ರೈಲ್ವೆ ಕೂರಿಸುವುದು ಇಲ್ಲೇ, ಅರ್ಧರ್ಧ ಹಂಚಿ. ರಾತ್ರಿ ಮಲಗಲಾರದೆ ಬೈದುಕೊಳ್ಳುವ ಅದೇ ಜನ ಹಗಲಾದರೆ ಇಡೀ ಡಬ್ಬಿಯಲ್ಲಿ ಸುಖಿಗಳು. ಎಡ ಬಲಕ್ಕಿಂತಲೂ ಮುಖ್ಯವಾದ ಇನ್ನೊಂದು ಗುಟ್ಟಿದೆ: ಡಬ್ಬಿಯ ನಡುಭಾಗದ ಅಂಕಣಗಳಲ್ಲಿ ಕುಲುಕಾಟ ಕಡಿಮೆ. ಗಾಲಿಗಳ ಕಟ್ಟು ಇರುವುದು ಎರಡು ತುದಿಗಳಲ್ಲಿ, ಶೌಚಾಲಯವೂ ಅಲ್ಲೇ.

ಬದಿಯ ಆಯ್ಕೆಯೆಲ್ಲ ಸೀಟು ಸಿಕ್ಕವರ ಸಮಾಚಾರ ಎಂಬುದನ್ನು ಕೋಸಿಗಿಯಲ್ಲಿ ಇಳಿದು ನಿಂತವರಿಗೆ ಹೇಳಬೇಕಾಗಿಲ್ಲ. ಕರ್ನೂಲು ಜಿಲ್ಲೆಯ ಪಡುವಣ ಭಾಗದಿಂದ, ಅದರಲ್ಲೂ ಕೋಸಿಗಿ, ಕೌತಾಳಂ, ಮಂತ್ರಾಲಯ, ಆದೋನಿ ಮಂಡಲಗಳಿಂದ, ಮಳೆ ಕೈಕೊಟ್ಟ ವರ್ಷ ಮಾತ್ರವಲ್ಲ, ಪ್ರತಿ ವರ್ಷವೂ ಜನ ಗುಳೆ ಹೋಗುತ್ತಾರೆ. ಗುಂಟೂರು ಸೀಮೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು. ಬೆಂಗಳೂರು, ಹೈದರಾಬಾದು, ಮುಂಬೈಗೆ ಕಟ್ಟಡದ ಕೆಲಸಕ್ಕೆ. ಶಾಲೆ ಬಿಟ್ಟ ಮಕ್ಕಳೂ ಜೊತೆಯಲ್ಲಿ. ಸಿಕ್ಕ ಲಾರಿ, ಸಿಕ್ಕ ಆಟೊ, ಸಿಕ್ಕ ಗಾಡಿಯ ಜನರಲ್ ಡಬ್ಬಿ. ಅಕ್ಕಿ ಚೀಲ, ಪಾತ್ರೆಯ ಗಂಟು, ಮಗು, ಅದರ ಮೇಲೆ ಇನ್ನೊಂದು ಮಗು. ಅಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಬಾಗಿಲ ಬಳಿ ಒಂದು ಕಾಲು ಊರಲು ಜಾಗ ಇದ್ದರೆ ಆಯಿತು. ಈ ಹಾದಿಯ ಗಾಡಿಗಳಿಗೆ ಗುಳೆಯ ತಿಂಗಳುಗಳಲ್ಲಾದರೂ ಇನ್ನೆರಡು ಜನರಲ್ ಡಬ್ಬಿ ಕಟ್ಟುವುದು ರೈಲ್ವೆಗೆ ದೊಡ್ಡ ಮಾತಾಗಬಾರದು.

ಮಂತ್ರಾಲಯ ರೋಡ್ ಕಳೆದರೆ ತುಂಗಭದ್ರೆ. ನೋಟಕ್ಕಾಗಿ ಬದಿ ಆರಿಸಬೇಕಾದ ಜಾಗ ಇಡೀ ಹಾದಿಯಲ್ಲಿ ಇದೊಂದೇ. ಜೋಡಿ ಹಳಿ ಇರುವಲ್ಲಿ ನಮ್ಮ ದೇಶದ ರೈಲುಗಳು ಎಡಗಡೆಯ ಹಳಿ ಹಿಡಿಯುತ್ತವೆ, ಹಾಗಾಗಿ ಎಡಗಡೆಯ ಕಿಟಕಿಗೆ ಬಯಲು ನೇರ ಸಿಗುತ್ತದೆ. ಬಲಗಡೆಯ ಕಿಟಕಿಗೆ ಮೊದಲು ಪಕ್ಕದ ಹಳಿ, ಅದೃಷ್ಟ ಕೆಟ್ಟರೆ ಅದರ ಮೇಲೊಂದು ಉದ್ದನೆಯ ಗೂಡ್ಸು. ಉತ್ತರಕ್ಕೆ ಹೋಗುವವರಿಗೆ ಎಡದಲ್ಲಿ ಕಾಣುವುದು ಸಿರುಗುಪ್ಪದ ಕಡೆಯಿಂದ ಇಳಿದು ಬರುವ ಹೊಳೆ. ಬಲದಲ್ಲಿ ಅದು ಮಂತ್ರಾಲಯದ ಕಡೆಗೆ ಸಾಗುತ್ತದೆ. ಈಗ ಇಕ್ಕಟ್ಟು ನೋಡಿ. ಬೆಳಗಿನ ನೆರಳೂ ತೆರೆದ ನೋಟವೂ ಎಡಕ್ಕೆ, ರಾಯರು ಬಲಕ್ಕೆ. ಮಠ ಸೇತುವೆಯಿಂದ ಕಾಣುವುದಿಲ್ಲ, ಸ್ಟೇಷನ್ನಿಂದಲೇ ಅದು ಹದಿನೈದು ಕಿಲೋಮೀಟರಿನಷ್ಟು ದೂರ. ಆದರೂ ಇಳಿಯದೆ ಮುಂದಕ್ಕೆ ಹೋಗುವ ಭಕ್ತರು ಇಲ್ಲಿ ಎದ್ದು ಬಲಗಡೆಯ ಕಿಟಕಿಗೆ ಬಂದು ಮೂಡಣಕ್ಕೆ ಕೈ ಮುಗಿಯುತ್ತಾರೆ. ಹೊಳೆಗೆ ಕಾಸು ಎಸೆಯುವವರು ಯಾವ ಬದಿಯಿಂದ ಎಸೆದರೂ ತುಂಗಭದ್ರೆ ತಕರಾರು ಮಾಡುವುದಿಲ್ಲ.

ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶಿಸಿದ್ದು 1671ರಲ್ಲಿ. ಮಂಚಾಲೆ ಎಂದು ಹೆಸರಿದ್ದ ಆ ಊರನ್ನು ಸ್ವಾಮಿಗಳಿಗೆ ಬಿಟ್ಟುಕೊಟ್ಟವನು ಆದೋನಿಯ ನವಾಬ ಸಿದ್ದಿ ಮಸೂದ್ ಖಾನ್ ಎಂದು ಮಠದ ಪರಂಪರೆ ಹೇಳುತ್ತದೆ. ಬಿಜಾಪುರದ ಆದಿಲ್‌ಶಾಹಿಯ ಕಡೆಯಿಂದ ಆದೋನಿಯನ್ನು ಆಳುತ್ತಿದ್ದವನು ಅವನು, ಆದೋನಿಯ ಜಾಮಿಯಾ ಮಸೀದಿಯೂ ಅವನದೇ. ಮಂತ್ರಾಲಯಕ್ಕೆ ಹೋಗುವವರು ಆದೋನಿಯಲ್ಲಿ ಇಳಿದು ಆ ಮಸೀದಿಯನ್ನೂ ಗುಡ್ಡದ ಕೋಟೆಯನ್ನೂ ನೋಡಿ ಹೋದರೆ ಒಂದು ದಿನ ಹೆಚ್ಚು ಹಿಡಿಯಬಹುದು, ಅಷ್ಟೆ. 1786ರಲ್ಲಿ ಟಿಪ್ಪು ಮುತ್ತಿಗೆ ಹಾಕಿದ್ದು ಇದೇ ಕೋಟೆಗೆ.

ಹೊಳೆ ನೋಡಬೇಕೆಂದರೆ ಬದಿಗಿಂತ ತಿಂಗಳು ಮುಖ್ಯ. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಹೊಸಪೇಟೆಯ ಅಣೆಕಟ್ಟು ತುಂಬಿ ನೀರು ಬಿಟ್ಟರೆ ಸೇತುವೆಯ ಕೆಳಗೆ ಕೆಂಪು ನೀರು ದಡದಿಂದ ದಡಕ್ಕೆ. ಏಪ್ರಿಲ್‌ನಲ್ಲಿ ಮರಳು, ಬಂಡೆ, ಅಲ್ಲಲ್ಲಿ ಮಡು, ಮಡುವಿನಲ್ಲಿ ಎಮ್ಮೆ. 2009ರ ಅಕ್ಟೋಬರ್ ಮೊದಲ ವಾರ ಇದೇ ಹೊಳೆ ಮಂತ್ರಾಲಯದ ಮಠವನ್ನೂ ಕರ್ನೂಲು ಪಟ್ಟಣವನ್ನೂ ಮುಳುಗಿಸಿತ್ತು.

ಮುಂಗಾರಿನಲ್ಲಿ ಬದಿಯ ಲೆಕ್ಕ ಮತ್ತೆ ತಿರುವುಮುರುವು. ಗಾಳಿ ಪಡುವಣದಿಂದ ಬೀಸುತ್ತದೆ. ಆಸ್ಪರಿ ಸುತ್ತಮುತ್ತ ನಿಲ್ಲಿಸಿರುವ ಗಾಳಿಯಂತ್ರಗಳಿಗೆ ಅದು ಸುಗ್ಗಿಯ ಕಾಲ. ಮಳೆ ಬಂದರೆ ಇರಚಲು ಬಡಿಯುವುದು ಪಡುವಣದ ಕಿಟಕಿಗೆ. ಬೇಸಿಗೆಯಲ್ಲಿ ಟವೆಲ್ ಎಸೆದು ಹಿಡಿದ ಅದೇ ಎಡಗಡೆಯ ಸೀಟಿನಿಂದ ಜುಲೈನಲ್ಲಿ ಎದ್ದು ಬರಬೇಕಾಗುತ್ತದೆ. ಈ ಸೀಮೆಗೆ ಮಳೆಯೇ ಅಪರೂಪವಾದ್ದರಿಂದ ನೆನೆದವರು ಯಾರೂ ದೂರುವುದಿಲ್ಲ.

ರೈಲು ಬಿಟ್ಟು ರಸ್ತೆಗೆ ಬಂದರೆ ಎಡ ಬಲದ ಪ್ರಶ್ನೆ ಹಿಂದು ಮುಂದಿನ ಪ್ರಶ್ನೆಯಾಗುತ್ತದೆ. ಆದೋನಿಯಿಂದ ಸಿರುಗುಪ್ಪ ನೆಟ್ಟಗೆ ಪಡುವಣಕ್ಕಿದೆ. ಎರಡೂ ಊರು ಒಂದೇ ಅಕ್ಷಾಂಶದ ಮೇಲಿವೆ. ಆದೋನಿಯಿಂದ ಬೆಳಿಗ್ಗೆ ಹೊರಟು ಸಿರುಗುಪ್ಪದಲ್ಲಿ ನೆಂಟರ ಮನೆಯಲ್ಲಿ ಉಂಡು ಸಂಜೆ ಮರಳುವವನಿಗೆ ಎರಡು ಹೊತ್ತೂ ಸೂರ್ಯ ಬೆನ್ನಿಗೆ. ಅದೇ ಸಿರುಗುಪ್ಪದ ರೈತ ಹತ್ತಿ ತುಂಬಿಕೊಂಡು ಆದೋನಿಯ ಮಾರ್ಕೆಟ್ ಯಾರ್ಡಿಗೆ ಬಂದನೋ, ಎರಡು ಹೊತ್ತೂ ಸೂರ್ಯ ಕಣ್ಣಿಗೆ. ಹತ್ತಿಯ ರೇಟು ಬಿದ್ದ ದಿನ ಮುಖ ಸಿಂಡರಿಸಿಕೊಂಡು ವಾಪಸು ಹೋಗುವವನನ್ನು ನೋಡಿ ಅದು ಬಿಸಿಲಿಗೋ ರೇಟಿಗೋ ಹೇಳಲಾಗುವುದಿಲ್ಲ. ಹಿಂದಿನವರು ರಾತ್ರಿ ಬಂಡಿ ಕಟ್ಟಿ ಬೆಳಗಾಗುವುದರೊಳಗೆ ಪೇಟೆ ಸೇರುತ್ತಿದ್ದುದರ ಜಾಣತನ ಇಲ್ಲಿ ತಿಳಿಯುತ್ತದೆ. ಅವರ ಎತ್ತುಗಳಿಗಂತೂ ಬದಿ ಜೀವಮಾನಕ್ಕೆ ಒಂದೇ ಸಲ ಗೊತ್ತಾಗುವುದು. ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದರೆ ಬಂಡಿ ಗದ್ದೆಗೆ ಹೋಗುತ್ತದೆ.

ಇದೇ ಲೆಕ್ಕವನ್ನು ಜಿಲ್ಲಾ ಕೇಂದ್ರಕ್ಕೆ ಹಚ್ಚಿ ನೋಡಿದರೆ ಒಂದು ತಮಾಷೆ ಸಿಗುತ್ತದೆ. 1953ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಬಳ್ಳಾರಿ ಇರುವುದು ಆದೋನಿಯ ನೈಋತ್ಯಕ್ಕೆ. ಕಲೆಕ್ಟರ್ ಕಚೇರಿಗೋ ಕೋರ್ಟಿಗೋ ಬೆಳಿಗ್ಗೆ ಹೊರಟವರಿಗೆ ಸೂರ್ಯ ಹಿಂದೆ. ಸಂಜೆ ಮರಳುವಾಗಲೂ ಹಿಂದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರ ಜಿಲ್ಲೆಗೆ ಹೋದವು. ಕರ್ನೂಲು ಇರುವುದು ಆದೋನಿಯ ಮೂಡಣಕ್ಕೆ, ನೂರು ಕಿಲೋಮೀಟರಿನಷ್ಟು ದೂರ. ಅಂದಿನಿಂದ ಕಚೇರಿಗೆ ಹೋಗುವಾಗ ಸೂರ್ಯ ಎದುರು, ಬರುವಾಗಲೂ ಎದುರು. ಗಡಿ ಗುರುತಿಸಿದವರು ಭಾಷೆ ನೋಡಿದರು, ಜನಸಂಖ್ಯೆ ನೋಡಿದರು, ನೀರಾವರಿ ನೋಡಿದರು, ಇದನ್ನು ನೋಡಲಿಲ್ಲ! 2022ರಲ್ಲಿ ಆಂಧ್ರ ಜಿಲ್ಲೆಗಳನ್ನು ಒಡೆದು ಹೊಸದಾಗಿ ಕಟ್ಟಿದಾಗ ನಂದ್ಯಾಲ ಬೇರೆಯಾಯಿತು, ಆದೋನಿ ಕರ್ನೂಲಿನಲ್ಲೇ ಉಳಿಯಿತು. ಆದೋನಿಯನ್ನೇ ಜಿಲ್ಲೆ ಮಾಡಿ ಎಂಬ ಕೂಗಿಗೆ ಇರುವ ಕಾರಣಗಳ ಪಟ್ಟಿಗೆ ಕಣ್ಣಿಗೆ ಹೊಡೆಯುವ ಬಿಸಿಲನ್ನೂ ಸೇರಿಸಿಕೊಳ್ಳಬಹುದು.

ಮೂಡಣ–ಪಡುವಣ ರಸ್ತೆಯಲ್ಲಿ ನಡುಹಗಲಿಗೆ ಬಸ್ಸು ಹತ್ತುವವರು ಮಾತ್ರ ಕ್ಯಾಲೆಂಡರ್ ನೋಡಬೇಕು. ಚಳಿಗಾಲದಲ್ಲಿ ಇಲ್ಲಿಯ ನಡುಹಗಲ ಸೂರ್ಯ ದಕ್ಷಿಣಕ್ಕೆ ಚೆನ್ನಾಗಿ ವಾಲಿರುತ್ತಾನೆ; ಸಿರುಗುಪ್ಪದ ಕಡೆ ಹೋಗುವಾಗ ಬಲಗಡೆ ನೆರಳು, ಬರುವಾಗ ಎಡಗಡೆ. ಮೇ ಮೊದಲ ವಾರ ಅವನು ಆದೋನಿಯ ನೆತ್ತಿಯ ಮೇಲೆ ಸರಿಯಾಗಿ ಬಂದು ನಿಲ್ಲುತ್ತಾನೆ. ಅಲ್ಲಿಂದ ಉತ್ತರಕ್ಕೆ ದಾಟಿ, ಆಗಸ್ಟ್ ಎರಡನೆಯ ವಾರ ಮತ್ತೆ ನೆತ್ತಿಗೆ ಬಂದು, ದಕ್ಷಿಣಕ್ಕೆ ಇಳಿಯುತ್ತಾನೆ. ಉರುಕುಂದದ ಈರಣ್ಣಸ್ವಾಮಿಗೆ ಜನ ಮುಗಿಬೀಳುವ ಶ್ರಾವಣ, ರಾಯರ ಆರಾಧನೆ, ಎರಡೂ ಬರುವುದು ಇದೇ ಆಗಸ್ಟಿನ ಆಸುಪಾಸಿಗೆ. ಆ ದಿನಗಳಲ್ಲಿ ನಡುಮಧ್ಯಾಹ್ನ ಬಸ್ಸಿನ ಎರಡೂ ಬದಿಗೆ ಸಮನಾದ ನೆರಳು. ಕಾಯುವುದು ಮಾಡು. ಬಳ್ಳಾರಿ, ರಾಯಚೂರು ಕಡೆಯಿಂದ ಉರುಕುಂದಕ್ಕೆ ಬರುವವರು ಬದಿಯ ಚಿಂತೆ ಬಿಟ್ಟು ಹಿಂದಿನ ಗಾಲಿಯ ಮೇಲಿನ ಸೀಟು ತಪ್ಪಿಸಿಕೊಂಡರೆ ಸಾಕು. ಅಲ್ಲಿಯ ರಸ್ತೆಗಳ ಮೇಲೆ ಬಸ್ಸಿನಲ್ಲಿ ಹೋದವರಿಗೆ ಯಾಕೆಂದು ಗೊತ್ತು.

ಈ ಸೀಮೆಯಲ್ಲಿ ಬದಿಯೇ ಇಲ್ಲದ ಒಂದು ವಾಹನ ಇತ್ತು, ಅಲ್ಲಲ್ಲಿ ಈಗಲೂ ಇದೆ: ಹರಿಗೋಲು. ಮಂತ್ರಾಲಯದ ದಡಕ್ಕೂ ರಾಯಚೂರು ಜಿಲ್ಲೆಯ ಬಿಚ್ಚಾಲೆಯ ಕಡೆಯ ದಡಕ್ಕೂ ನಡುವೆ ಹೊಳೆ ದಾಟಲು ಇದ್ದದ್ದು ಇದೇ. ಬಿದಿರು ಹೆಣೆದ ದುಂಡನೆಯ ಬುಟ್ಟಿ, ಹಿಂದೆ ಹೊರಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಯ ಮೇಲೆ ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ತುಂಗಭದ್ರೆಯಲ್ಲಿ ಇದೇ ಬುಟ್ಟಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು, ನೆಟ್ಟಗೆ ಹೋಗಲಾರದೆ ಯಾವಾಗಲೂ ಸುತ್ತುತ್ತಲೇ ಇರುತ್ತವೆ ಎಂಬುದು ಅವನ ವರದಿಯ ಸಾರ. ಹತ್ತಿ ಕೂತವರಿಗೆ ಒಂದು ಗಳಿಗೆ ಮಂತ್ರಾಲಯ ಎದುರು, ಮರುಗಳಿಗೆ ಬೆನ್ನಿಗೆ. ಬಿಸಿಲು ಎಲ್ಲರಿಗೂ ಸರದಿಯಂತೆ. ಪಾಯಸ್ ಬಂದದ್ದು ಗೋವೆಯ ದಿಕ್ಕಿನಿಂದ, ಕಡಲ ಹಡಗು ಇಳಿದು. ಅವನ ಬೆರಗು ಅರ್ಥವಾಗುತ್ತದೆ.

ಈಗ ಆ ಕಡಲ ಹಡಗು ನಮ್ಮವರ ಮನೆಗೂ ಬಂದಿದೆ, ಫೋನಿನ ಮೂಲಕ. ಮಕ್ಕಳು ಅಮೆರಿಕದಲ್ಲಿ ನೆಲೆಸಿದ ಮನೆಗಳಲ್ಲಿ ಅಪ್ಪ ಅಮ್ಮ ವೀಸಾದ ಮೇಲೆ ಆರು ತಿಂಗಳಿಗೆಂದು ಹೋದಾಗ ಅವರನ್ನು ಕ್ರೂಸ್ ಹತ್ತಿಸುವುದು ಒಂದು ವಾಡಿಕೆಯಾಗಿದೆ. ಅದರಲ್ಲೂ ಸಿಯಾಟಲ್ ಕಡೆಯವರಾದರೆ ಅಲಾಸ್ಕಾ. ಇಲ್ಲಿಯವರು ಮುಂಬೈಯಿಂದ ಗೋವೆಗೆ, ಲಕ್ಷದ್ವೀಪಕ್ಕೆ ಹೋಗುವ ಹಡಗು ಹತ್ತುತ್ತಾರೆ. ಟಿಕೆಟ್ ತೆಗೆಸುವಾಗ ಬರುವ ಪ್ರಶ್ನೆ ಗುಂತಕಲ್ ಪ್ಲಾಟ್‌ಫಾರಮ್ಮಿನದೇ: ಎಡಬದಿಯೋ, ಬಲಬದಿಯೋ?

ಮುಂಬೈಯಿಂದ ಗೋವೆಗೆ ಇಳಿಯುವಾಗ ಎಡಕ್ಕೆ ಕೊಂಕಣದ ದಡ, ಬಲಕ್ಕೆ ಬರೀ ಕಡಲು ಮತ್ತು ಸೂರ್ಯಾಸ್ತ. ಮರಳುವಾಗ ಅದಲುಬದಲು. ದಡದ ಬದಿ ಹಿಡಿದರೆ ಕೋಟೆಗಳು ಕಾಣುತ್ತವೆ ಎಂದು ಆಸೆಪಡಬೇಡಿ. ಹಡಗು ದಡದಿಂದ ಸಾಕಷ್ಟು ದೂರದಲ್ಲಿ ಸಾಗುತ್ತದೆ, ಅದೂ ಹೆಚ್ಚಿನ ದಾರಿ ರಾತ್ರಿಯಲ್ಲಿ. ಸೂರ್ಯಾಸ್ತದ ಬದಿಯೇ ಲಾಭ. ಅಲಾಸ್ಕಾಕ್ಕೆ ಏರುವಾಗ ದಡ ಬಲಕ್ಕೆ. ವ್ಯಾಂಕೂವರಿನಿಂದ ಹೊರಟು ಮೇಲೆಯೇ ಇಳಿದು ವಿಮಾನ ಹಿಡಿಯುವ ಯಾನವಾದರೆ ಬಲಬದಿಯ ಕೋಣೆಗೆ ನಿಜವಾಗಿ ಅರ್ಥವಿದೆ. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಬರುವ ಯಾನವಾದರೆ ಹೋಗುವಾಗ ಬಲದವರಿಗೆ ಸಿಕ್ಕಿದ್ದು ಬರುವಾಗ ಎಡದವರಿಗೆ ಸಿಗುತ್ತದೆ. ಗ್ಲೇಸಿಯರ್ ಬೇಯಂಥ ಕಡೆ ಹಿಮನದಿಯ ಮುಂದೆ ಹಡಗನ್ನೇ ನಿಧಾನಕ್ಕೆ ಸುತ್ತ ತಿರುಗಿಸುತ್ತಾರೆ, ಎರಡೂ ಬದಿಯವರು ಬಾಲ್ಕನಿಯಿಂದಲೇ ನೋಡಲೆಂದು. ಹರಿಗೋಲಿನವರು ತಡೆಯಲಾಗದೆ ಮಾಡುವುದನ್ನು ಇಲ್ಲಿ ಹಣ ಪಡೆದು ಮಾಡುತ್ತಾರೆ.

ನಮ್ಮ ಕಡೆಯ ಹಿರಿಯರು ಅಲ್ಲಿ ಒಂದು ಕಡೆ ಎಡವುತ್ತಾರೆ. ಆದೋನಿಯ ಅಭ್ಯಾಸದಂತೆ ನೆರಳಿನ ಬದಿ ಕೇಳಿಬಿಡುತ್ತಾರೆ. ಅಲಾಸ್ಕಾದ ಚಳಿಗಾಳಿಯಲ್ಲಿ ಬಾಲ್ಕನಿಯಲ್ಲಿ ಕೂರಬೇಕಾದರೆ ಬೇಕಾದದ್ದು ಬಿಸಿಲಿನ ಬದಿ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ತಡರಾತ್ರಿ ವಾಯವ್ಯದಲ್ಲಿ ಮುಳುಗುತ್ತಾನೆ. ಮೇಲೇರುವ ಹಡಗಿನಲ್ಲಿ ಊಟದ ಹೊತ್ತಿಗೆ ಎಡಬದಿಯವರೇ ಬೆಚ್ಚಗಿರುವವರು.

ಬದಿಗಿಂತ ಮೊದಲು ನೋಡಬೇಕಾದದ್ದು ಬೇರೆ ಇದೆ. ಕೆಲವು ಅಂತಸ್ತಿನ ಕೋಣೆಗಳ ಕಿಟಕಿಗೆ ಅಡ್ಡಲಾಗಿ ಜೀವರಕ್ಷಕ ದೋಣಿ ತೂಗುಹಾಕಿರುತ್ತಾರೆ. ಅಂಥ ಕೋಣೆ ಅಗ್ಗಕ್ಕೆ ಸಿಗುತ್ತದೆ, ಯಾಕೆ ಅಗ್ಗ ಎಂಬುದು ಹತ್ತಿದ ಮೇಲೆ ತಿಳಿಯುತ್ತದೆ. ಹಡಗಿನ ಮೂತಿ ಮತ್ತು ಬಾಲದ ಕೋಣೆಗಳಲ್ಲಿ, ಮೇಲಿನ ಅಂತಸ್ತುಗಳಲ್ಲಿ ಹೊಯ್ದಾಟ ಹೆಚ್ಚು. ತಲೆಸುತ್ತು ಬರುವವರಿಗೆ, ಮಂಡಿನೋವಿನವರಿಗೆ ನಡುಭಾಗದ, ಕೆಳಗಿನ ಅಂತಸ್ತಿನ, ಲಿಫ್ಟಿಗೆ ಹತ್ತಿರದ ಕೋಣೆಯೇ ಸರಿ. ಕೋಣೆಯ ನಂಬರಿನಲ್ಲಿ ಸಮ ಒಂದು ಬದಿ, ಬೆಸ ಇನ್ನೊಂದು ಬದಿ ಇರುವ ಹಡಗುಗಳುಂಟು, ಆದರೆ ಯಾವುದು ಯಾವ ಬದಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಡಗಿನ ನಕ್ಷೆ ತೆರೆದು ನೋಡಿಯೇ ಹಣ ಕಟ್ಟಿ. ಒಂದೇ ಕಡೆಗೆ ಹೋಗುವ, ದಡ ಹತ್ತಿರ ಕಾಣುವ ಯಾನವಾದರೆ ದಡದ ಬದಿ ಹಿಡಿಯಿರಿ. ಹೋಗಿ ಬರುವ ಯಾನವಾದರೆ ಬದಿಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.